ಹೆಪ್ಪು ಕೂರುವ ತನಕ

ಚಿಕ್ಕಮಗಳೂರಿನಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟುಕೊಂಡಿರುವ ನನಗೆ ಬುದ್ಧಿಹಲ್ಲಿನ ಕೇಸುಗಳು ಜಾಸ್ತಿ ಬರುವುದು ಕಾಫಿ ಕುಯ್ಲು ಮುಗಿದ ಮೇಲೆ. ಅಲ್ಲಿಯವರೆಗೆ ಲವಂಗದ ಎಣ್ಣೆ, ಮೆಡಿಕಲ್ ಶಾಪಿನ ನೋವಿನ ಮಾತ್ರೆಯಲ್ಲೇ ದಿನ ದೂಡುತ್ತಾರೆ. ಆಲ್ದೂರು ಕಡೆಯ ಎಸ್ಟೇಟ್‌ನಲ್ಲಿ ಲೆಕ್ಕ ಬರೆಯುವ ರೈಟ್ರೊಬ್ಬರು ಹಾಗೇ ಬಂದರು. ಬಾಯಿ ಎರಡು ಬೆರಳಗಲವೂ ತೆರೆಯುತ್ತಿರಲಿಲ್ಲ. ಕೆಳದವಡೆಯ ಬಲತುದಿಯ ಹಲ್ಲು ಅರ್ಧ ಹೊರಗೆ, ಅರ್ಧ ಒಸಡಿನೊಳಗೆ. ಅದರ ಮೇಲೆ ಮುಚ್ಚಿಕೊಂಡ ಒಸಡಿನಡಿ ಕೀವು.

"ಈಗ್ಲೇ ಕಿತ್ತಾಕಿ ಡಾಕ್ಟ್ರೇ, ಮತ್ತೆ ಮತ್ತೆ ಬರೋಕಾಗಲ್ಲ."

ಕೀಳಲಿಲ್ಲ. ಬಾಯೇ ತೆರೆಯದಿದ್ದರೆ ಕೈ ಎಲ್ಲಿಂದ ಹಾಕುವುದು? ಒಸಡಿನಡಿ ತೊಳೆದು, ಆಂಟಿಬಯೋಟಿಕ್ ಬರೆದುಕೊಟ್ಟು, 5 ದಿನ ಬಿಟ್ಟು ಬನ್ನಿ ಎಂದೆ. ಇಡೀ ದವಡೆ ಒಟ್ಟಿಗೆ ಕಾಣುವ ಓಪಿಜಿ ಎಕ್ಸ್‌ರೇಯಲ್ಲಿ ಹಲ್ಲು ಮುಂದಿನ ಹಲ್ಲಿಗೆ ತಲೆ ಒರಗಿಸಿ ಅಡ್ಡ ಮಲಗಿತ್ತು. ನನ್ನ ಕಣ್ಣು ಮೊದಲು ಹೋಗುವುದು ಬೇರಿನ ಕೆಳಗೆ ಹಾಯುವ ನರದ ಕಾಲುವೆಗೆ. ಅದಕ್ಕೆ ಪೆಟ್ಟಾದರೆ ಕೆಳತುಟಿ, ಗಲ್ಲ ಜೋಮು ಹಿಡಿದಂತೆ ತಿಂಗಳುಗಟ್ಟಲೆ ಉಳಿಯಬಹುದು, ಅಪರೂಪಕ್ಕೆ ಕಾಯಂ ಆಗಿಯೂ. ಬೇರು ತೀರಾ ತಾಗಿಕೊಂಡಿದ್ದರೆ ನಾನು ಕೈ ಹಾಕದೆ ಓರಲ್ ಸರ್ಜನ್ ಹತ್ತಿರ ಕಳಿಸುತ್ತೇನೆ. ಇವರಿಗೆ ನಡುವೆ ಜಾಗವಿತ್ತು.

ಬಿಪಿ, ಶುಗರ್, ರಕ್ತ ತೆಳು ಮಾಡುವ ಮಾತ್ರೆ ಏನಾದರೂ ಉಂಟಾ ಎಂದು ಕೇಳಿದೆ. "ಏನೂ ಇಲ್ಲ" ಎಂದರು. "ದಿನಾ ಬಿಪಿ ಮಾತ್ರೆ ತಗೋತಾರಲ್ಲ!" ಎಂದರು ಪಕ್ಕದಲ್ಲಿದ್ದ ಹೆಂಡತಿ. ಮಾತ್ರೆಯಿಂದ ಬಿಪಿ ಹಿಡಿತದಲ್ಲಿದ್ದರೆ ಬಿಪಿಯೇ ಇಲ್ಲ ಅಂತ ನಮ್ಮವರ ಲೆಕ್ಕ. ಹಾಗಾಗಿ ಮನೆಯವರನ್ನೂ ಒಳಗೇ ಕೂರಿಸಿಕೊಂಡು ಕೇಳುತ್ತೇನೆ.

ಕೀವು ಇಳಿದು ಬಾಯಿ ತೆರೆದ ಮೇಲೆ, ಮರಗಟ್ಟಿಸುವ ಲಿಗ್ನೋಕೇನ್ ಇಂಜೆಕ್ಷನ್ ಕೊಟ್ಟು, "ತುಟಿ ದಪ್ಪ ಆದಂಗಿದೆ" ಅನ್ನುವ ತನಕ ಕಾದೆ. ಮರಗಟ್ಟಿದರೂ ಒತ್ತಡ ತಿಳಿಯುತ್ತದೆ, ಸದ್ದು ಕೇಳುತ್ತದೆ. ಮೊದಲೇ ಹೇಳದಿದ್ದರೆ ದವಡೆಯೇ ಮುರಿಯಿತು ಎಂದು ಹೌಹಾರುತ್ತಾರೆ. ಒಸಡು ಬಿಡಿಸಿ, ಸಲೈನ್ ಬಿಡುತ್ತಾ ಬರ್ ಎಂಬ ಕೊರೆಯುವ ಮೊನೆಯಿಂದ ಹಲ್ಲಿನ ನಡುವೆ ಸೀಳು ಕೊರೆದು, ಅದರಲ್ಲಿ ಎಲಿವೇಟರ್ ಎಂಬ ಮೀಟುವ ಸಲಕರಣೆ ಇಟ್ಟು ತಿರುವಿದೆ. ಟಕ್! ತಲೆಯ ಹೋಳನ್ನು ಎತ್ತಿದ ಮೇಲೆ ತೆರವಾದ ಜಾಗಕ್ಕೆ ಬೇರಿನ ಹೋಳು ತಾನಾಗಿ ಜರುಗಿ ಬಂತು. ಇಡಿಯಾಗಿ ಎಬ್ಬಿಸಲು ಹೋದರೆ ಸುತ್ತಲಿನ ಮೂಳೆಯನ್ನು ಇನ್ನಷ್ಟು ಕೊರೆಯಬೇಕು. ಶುರುವಿನ ವರ್ಷಗಳಲ್ಲಿ ತೋಳ್ಬಲ ತೋರಿಸಲು ಹೋಗಿ ಬೇರಿನ ತುದಿ ಮುರಿದುಕೊಂಡು, ಎಸಿಯಲ್ಲೂ ಬೆವರಿದವನು ನಾನು. 3 ಹೊಲಿಗೆ ಹಾಕಿ ಕಳಿಸಿದೆ.

ನಾಲ್ಕನೇ ದಿನ ರೈಟ್ರು ನೋವಿಗೆ ಕಿವಿ ಹಿಡಿದುಕೊಂಡು ಬಂದರು. ಹಲ್ಲು ಕಿತ್ತ ಗುಳಿ ಖಾಲಿ, ತಳದಲ್ಲಿ ಬೂದುಬಣ್ಣದ ಮೂಳೆ ಕಾಣುತ್ತಿದೆ, ಕೆಟ್ಟ ವಾಸನೆ. ಡ್ರೈ ಸಾಕೆಟ್, ಅಂದರೆ ಗುಳಿಯ ರಕ್ತದ ಹೆಪ್ಪು ಕಿತ್ತುಹೋಗಿ ಮೂಳೆ ಬಯಲಾಗಿದೆ. ವಿಚಾರಿಸಿದರೆ, ರಕ್ತ ಹೊಟ್ಟೆಗೆ ಹೋಗಬಾರದೆಂದು ಮೊದಲ ರಾತ್ರಿಯೆಲ್ಲ ಉಗುಳಿದ್ದಾರೆ, ಬೆಳಗ್ಗೆ ಎದ್ದು ಬೀಡಿ ಸೇದಿದ್ದಾರೆ. ಉಗುಳಬಾರದು ಎಂದು ಚೀಟಿಯಲ್ಲಿ ಅಚ್ಚಾಗಿತ್ತು. ಯಾಕೆ ಅಂತ ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಆ ದಿನ ಹೊರಗೆ ಇನ್ನೂ ನಾಲ್ವರು ಕಾಯುತ್ತಿದ್ದರು. ಗುಳಿ ತೊಳೆದು, ಲವಂಗದೆಣ್ಣೆಯ ಸತ್ವವಿರುವ ಔಷಧಿ ತುಂಬಿದೆ. ಸ್ವಲ್ಪ ಹೊತ್ತಿಗೆ ಹುಬ್ಬು ಸಡಿಲವಾಯಿತು.

ಈಗ ಚೀಟಿ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ: "ಹೆಪ್ಪು ಹಾಕಿದ ಹಾಲಿನ ಪಾತ್ರೇನ ಅಲ್ಲಾಡಿಸ್ತಾ ಇದ್ರೆ ಮೊಸರಾಗುತ್ತಾ?" ಆ ಗುಳಿಯಲ್ಲೂ ರಕ್ತ ಹೆಪ್ಪುಗಟ್ಟಿ ಕೂರಬೇಕು, ಅದೇ ಮೂಳೆಗೆ ಮುಚ್ಚಳ. ಉಗುಳಿದರೂ ಬೀಡಿ ಎಳೆದರೂ ಅದು ಕಿತ್ತು ಬರುತ್ತದೆ. ಗಾಜ್ ಬಟ್ಟೆಯ ಉಂಡೆ ಮುಕ್ಕಾಲು ಗಂಟೆ ಕಚ್ಚಿಕೊಂಡಿರಿ, ಎಂಜಲು ನುಂಗಿ, 24 ಗಂಟೆ ಮುಕ್ಕಳಿಸಬೇಡಿ, ಆಮೇಲೆ ಉಗುರುಬೆಚ್ಚಗಿನ ಉಪ್ಪುನೀರು. ಬೀಡಿ, ಎಲೆಅಡಿಕೆ ಒಂದು ವಾರ ದೂರ. ಮೊದಲ ದಿನ ಆರಿದ ಗಂಜಿ ಅಥವಾ ಮೊಸರನ್ನ, ಬಿಸಿ ಕಾಫಿ ಬೇಡ. ಎಲ್ಲದಕ್ಕೂ ತಲೆಯಾಡಿಸುವವರು ಈ ಕೊನೆಯ ಮಾತಿಗೆ ಮಾತ್ರ "ಅರ್ಧ ಲೋಟನೂ ಬೇಡ್ವಾ?" ಎನ್ನುತ್ತಾರೆ.

ರೈಟ್ರಿಗೆ ಎರಡು ಸಲ ಔಷಧಿ ಬದಲಿಸಿದ ಮೇಲೆ ಗುಳಿ ತುಂಬತೊಡಗಿತು. ಎಡಗಡೆಯದನ್ನೂ ಕೀಳಬೇಕಾ ಎಂದು ಹೆದರುತ್ತಲೇ ಕೇಳಿದರು. ಅದು ಎಕ್ಸ್‌ರೇಯಲ್ಲಿ ನೆಟ್ಟಗಿತ್ತು, ಹುಳುಕಿಲ್ಲ, ಬ್ರಷ್ ತಲುಪುತ್ತಿತ್ತು. ಅದರ ಪಾಡಿಗೆ ಅದನ್ನು ಬಿಡಿ ರೈಟ್ರೇ ಎಂದೆ.