ಹತ್ತಿ ಬಿಡಿಸೋ ಕಾಲಕ್ಕೂ ಖೋ ಖೋ ತಂಡ ಉಳಿಸಿಕೊಂಡೆ

ನಮ್ಮ ರಾಯಚೂರು ಜಿಲ್ಲೆ ದೇವದುರ್ಗ ಕಡೆ ಶಾಲೆ ಹೆಣ್ಣುಮಕ್ಕಳ ಖೋ ಖೋ ತಂಡ ಕಟ್ಟೋದು ಕಷ್ಟವಲ್ಲ, ಉಳಿಸಿಕೊಳ್ಳೋದು ಕಷ್ಟ. ಜೂನ್‌ನಲ್ಲಿ ಹನ್ನೆರಡು ಮಂದಿ ಇರ್ತಾರೆ. ಜುಲೈನಲ್ಲಿ ಕಳೆ ಕೀಳೋಕೆ ಮೂವರು ಹೋದರು, ದೀಪಾವಳಿ ದಾಟಿದ ಮೇಲೆ ಹತ್ತಿ ಬಿಡಿಸೋಕೆ ಆರು ಮಂದಿ, ಸಂಕ್ರಾಂತಿ ಹೊತ್ತಿಗೆ ಅಪ್ಪ-ಅವ್ವನ ಜೊತೆ ಗುಳೇ ಹೋದವರು ಇಬ್ಬರು. ಉಳಿದ ಒಬ್ಬಳು ಯಾರಿಗೆ ಖೋ ಕೊಡಬೇಕು?

ನನ್ನ ಮೊದಲ ವರ್ಷ ಹೀಗೇ ಹೋಯಿತು. ನೂರು ಮೀಟರ್ ಓಡಿಸಿ, ಜೋರಾಗಿ ಓಡಿದ ಹನ್ನೆರಡು ಮಂದಿಯನ್ನು ಆರಿಸಿ, ದಿನಾ ಸಂಜೆ ಅಭ್ಯಾಸ. ತಾಲ್ಲೂಕು ಮಟ್ಟದಲ್ಲಿ ಇನಿಂಗ್ಸ್ ಸಹಿತ ಸೋತೆವು. ಪಿ.ಇ. (ದೈಹಿಕ ಶಿಕ್ಷಣ) ಮಾಸ್ತರರ ಸಭೆಯಲ್ಲಿ ಹಿರಿಯರೊಬ್ಬರು, "ಸುಮ್ನ ಹುಡುಗರ ವಾಲಿಬಾಲ್ ಟೀಮ್ ಮಾಡ್ರಿ, ಹೆಣ್ಮಕ್ಳ ಗೋಜು ಯಾಕ ಬೇಕು" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮಾತು ಒಳಗೇ ಉಳಿಯಿತು.

ತಪ್ಪು ನನ್ನದೇ. ಸಂಜೆ ಅಂದರೆ ನೀರು, ಎಮ್ಮೆ, ರೊಟ್ಟಿ. ಹನ್ನೆರಡೇ ಮಂದಿ ಇದ್ದರೆ ಒಬ್ಬಳು ಹೋದರೂ ತಂಡ ಕುಂಟುತ್ತದೆ. ಎರಡನೇ ವರ್ಷ ಆರಿಸೋದನ್ನೇ ಬಿಟ್ಟೆ. ಬರ್ತೀನಿ ಅಂದವರೆಲ್ಲ ಒಳಗೆ, 48 ಮಂದಿ ಆದರು. ನಾಲ್ಕು ತಂಡ, ಶನಿವಾರ ಮುಂಜಾನೆ ಶಾಲೆಗೆ ಮೊದಲು ಪಂದ್ಯ, ಉಳಿದ ದಿನ ಪ್ರಾರ್ಥನೆಗೆ ಮುಂಚೆ ಮುಕ್ಕಾಲು ತಾಸು. ಒಬ್ಬಳು ಹೊಲಕ್ಕೆ ಹೋದರೆ ಆ ತಂಡದಲ್ಲಿ ಇನ್ನೂ ಹನ್ನೊಂದು ಮಂದಿ. ಹೊಲದಿಂದ ವಾಪಸು ಬಂದವಳ ಜಾಗ ಹಾಗೇ ಇರುತ್ತಿತ್ತು. ಬೈಯೋದು, ಹೆಸರು ಹೊಡೆಯೋದು ಇಲ್ಲ.

ಅಲ್ಲೂ ಎಡವಿದೆ. ಹುರುಪು ಬರಲಿ ಅಂತ ಓಣಿಗೊಂದು ತಂಡ ಮಾಡಿದ್ದೆ. ನಮ್ಮೂರಲ್ಲಿ ಓಣಿ ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮೂರನೇ ಶನಿವಾರ ಒಂದು ಫೌಲಿನ ಜಗಳ ದೊಡ್ಡವರ ಕಟ್ಟೆಗೆ ಹೋಯಿತು. ಸೋಮವಾರ ಬಂದವರು ಹದಿನೈದು ಮಂದಿ. ಮರುದಿನವೇ ಚೀಟಿ ಎತ್ತಿಸಿ ತಂಡ ಹೊಸದಾಗಿ ಮಾಡಿದೆ. ಕೃಷ್ಣಾ, ತುಂಗಭದ್ರಾ, ಭೀಮಾ, ಮಲಪ್ರಭಾ ಅಂತ ನದಿ ಹೆಸರಿಟ್ಟೆ. ಓಡಲಾರದವಳೊಬ್ಬಳನ್ನು ಸ್ಕೋರ್ ಬರೆಯೋಕೆ ಕೂರಿಸಿದೆ. ಅವಳಷ್ಟು ಫೌಲ್ ನಾನೂ ಹಿಡಿಯಲಾರೆ.

ಅಂಕಣದ ಕಥೆ ಬೇರೆ. ಜಾಗದ ತುಂಬ ಬಳ್ಳಾರಿ ಜಾಲಿ. ಜೆಸಿಬಿಗೆ ಮೂರು ತಾಸು, 3,600 ರೂಪಾಯಿ. ನಾಲ್ಕು ಟ್ರ್ಯಾಕ್ಟರ್ ಕೆಂಪು ಮಣ್ಣು ಹಾಕಿಸಿದೆ, ಅದಕ್ಕೂ ಅಷ್ಟೇ ರೊಕ್ಕ. ಒಂದೇ ಮಳೆಗೆ ಎರೆ ಭೂಮಿ ಅದನ್ನು ನುಂಗಿಬಿಟ್ಟಿತು. ಎರೆಗೆ ಭತ್ತದ ಹೊಟ್ಟು ಬೆರೆಸಿದರೆ ಮೆತ್ತಗಾಗುತ್ತೆ ಅಂತ ಯಾರೋ ಅಂದರು, ರೈಸ್ ಮಿಲ್ಲಿಂದ ಪುಕ್ಕಟೆ ತಂದೆ. ಗಾಳಿಗೆ ಪೂರಾ ಬಿಸಿಯೂಟದ ಕೋಣೆಗೆ ಹಾರಿತು, ಅಡುಗೆ ಅಕ್ಕಂದಿರು ಒಂದು ವಾರ ಮಾತಾಡಿಸಲಿಲ್ಲ. ಕೊನೆಗೆ ಕೆಳಗೆ ಗರಸು, ಮೇಲೆ ಜರಡಿ ಹಿಡಿದ ಕೆಂಪು ಮಣ್ಣು. ಅದು ನಿಂತಿತು. ಗರಸು ಊರವರೊಬ್ಬರು ಕೊಟ್ಟದ್ದು. ಕಡಿದ ಜಾಲಿಯಲ್ಲೇ ನೆಟ್ಟಗಿದ್ದ ಎರಡು ಬೊಡ್ಡೆ ಕೆತ್ತಿಸಿ ಅಂಕಣದ ಎರಡು ತುದಿಗೆ ನಿಲ್ಲಿಸೋ ಪೋಲ್ ಮಾಡಿದೆ, ಎತ್ತರ 120 ಸೆಂ.ಮೀ. ಇವತ್ತಿಗೂ ಅಲ್ಲಾಡಿಲ್ಲ.

ಟ್ರ್ಯಾಕ್ ಪ್ಯಾಂಟ್ 14, ತಲಾ 300. ಚಡ್ಡಿ ಅಂದಿದ್ದರೆ ಅರ್ಧ ಮಂದಿಯೂ ಬರುತ್ತಿರಲಿಲ್ಲ. ಒಟ್ಟು ಹನ್ನೊಂದು ಸಾವಿರದ ಮೇಲೆ ಹೋಯಿತು. ಎಸ್‌ಡಿಎಂಸಿಯವರು (ಶಾಲೆಯ ಉಸ್ತುವಾರಿ ಸಮಿತಿ) ಐದು ಸಾವಿರ ಕೊಟ್ಟರು, ಮಿಕ್ಕದ್ದು ನನ್ನ ಪಗಾರ. ಜಿಲ್ಲಾ ಮಟ್ಟಕ್ಕೆ ಹೋದ ಕ್ರೂಸರ್ ಬಾಡಿಗೆ ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಮನೆಯವರಿಗೂ ಹೇಳಿಲ್ಲ.

ತಾಯಂದಿರನ್ನು ಒಪ್ಪಿಸೋದರಲ್ಲಿ ಅರ್ಧ ಕೆಲಸ ಮಾಡಿದ್ದು ಮೊಬೈಲು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ವಿಶ್ವಕಪ್ ನಡೆಯಿತಲ್ಲ, ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು ಸೋಲಿಸಿದ ಫೈನಲ್ ತೋರಿಸಿದೆ. "ಇವ್ರು ಮ್ಯಾಟಿನ ಮ್ಯಾಲೆ ಆಡ್ತಾರ, ನಮ್ಮ ಹುಡುಗಿ ಮಣ್ಣಾಗ ಬೀಳ್ತಾಳ" ಅಂದಳು ಒಬ್ಬ ತಾಯಿ. ಆದರೂ ಮರುದಿನ ಮಗಳನ್ನು ಕಳಿಸಿದಳು. ಇನ್ನರ್ಧ ಕೆಲಸ ನಾನು ಆಡಿದ ಒಂದು ಮಾತು. ಅದನ್ನು ಇಲ್ಲಿ ಬರೆಯೋಲ್ಲ. ಪೋಲ್ ಸುತ್ತಿ ತಿರುಗೋಕೆ ಕೊಡುವ ಅಭ್ಯಾಸವನ್ನೂ ಬರೆಯೋಲ್ಲ. ಪಕ್ಕದ ಶಾಲೆಯವರು ಇದನ್ನು ಓದೇ ಓದ್ತಾರೆ.

ಮೂರನೇ ವರ್ಷ ತಾಲ್ಲೂಕು ಗೆದ್ದೆವು. ರಾಯಚೂರಿನಲ್ಲಿ ಸೆಮಿಫೈನಲ್‌ಗೆ ನಿಂತಾಗ, ಶಾಲೆ ದಾಖಲೆಗೂ ಆಧಾರಿಗೂ ಹುಟ್ಟಿದ ದಿನ ಹೊಂದಲಿಲ್ಲ ಅಂತ ನನ್ನ ಒಳ್ಳೆ ಚೇಸರ್‌ಳನ್ನು ಕೂರಿಸಿದರು. ಮೂರೋ ನಾಲ್ಕೋ ಅಂಕದಿಂದ ಸೋತೆವು. ಈಗ ಜೂನ್‌ನಲ್ಲೇ ಎಲ್ಲರ ಕಾಗದ ನೋಡ್ತೀನಿ. ಆ ಮೂರನೇ ವರ್ಷದ ಜನವರಿಯಲ್ಲಿ, ಹತ್ತಿಯ ನಡುವೆಯೂ, ಶನಿವಾರಕ್ಕೆ ಮೂವತ್ತಕ್ಕೆ ಕಡಿಮೆ ಆಗಲಿಲ್ಲ. ವಾಲಿಬಾಲ್ ಮಾಡ್ರಿ ಅಂದಿದ್ದ ಹಿರಿಯರು ಫೋನ್ ಮಾಡಿ ಚೀಟಿ ಎತ್ತಿಸೋದು ಹೇಗೆ ಅಂತ ಕೇಳಿದರು.

ಇದೇ ಪದ್ಧತಿಯನ್ನು ಹುಡುಗರ ಕಬಡ್ಡಿಗೂ ಹಚ್ಚಿ ನೋಡಿದೆ. ಎರಡು ಶನಿವಾರ ಬಂದರು, ಮೂರನೆಯದಕ್ಕೆ ಕೆರೆ ಅಂಗಳದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡ್ತಿದ್ದರು.