ಬೈರನ್ ಬೇಯಲ್ಲಿ ಎರಡು ರಾತ್ರಿ: ಮೊದಲು ನಡಿಗೆ, ಆಮೇಲೆ ಅಲೆ

ನಾವಿರೋ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಿಂದ ಕಡಲ ತೀರದ ಊರು ಬೈರನ್ ಬೇ ಸುಮಾರು 165 ಕಿಲೋಮೀಟರ್, ಎರಡು ಗಂಟೆ ದಾರಿ, ಅದಕ್ಕೇ ಪ್ರತಿ ಸಲ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರೋದೇ ಆಗ್ತಿತ್ತು. ಲೈಟ್‌ಹೌಸ್ ತನಕ ಕಾರು, ನಾಲ್ಕು ಫೋಟೋ, ಒಂದು ಐಸ್‌ಕ್ರೀಮ್, ಮುಗೀತು. ಹೋದ ಸೆಪ್ಟೆಂಬರ್ ರಜೆಯಲ್ಲಿ ಮಾತ್ರ ಹೆಂಡ್ತಿ, ಮಗಳ ಜೊತೆ ಎರಡು ರಾತ್ರಿ ಉಳ್ಕೊಂಡು, ಕಾರು ಮುಟ್ಟದೆ ಒಂದಿನ ನಡೆದು, ಮಾರನೇ ದಿನ ಸರ್ಫಿಂಗ್ ಕ್ಲಾಸಿಗೆ ಹೋದ್ವಿ. ಈ ಕ್ರಮದಲ್ಲೇ ಮಾಡಿ ಅಂತ ಎಲ್ರಿಗೂ ಹೇಳ್ತಿದೀನಿ.

ಕೇಪ್ ಬೈರನ್ ಟ್ರ್ಯಾಕ್ ಒಂದು ಸುತ್ತು 3.7 ಕಿಲೋಮೀಟರ್. ಬೆಳಿಗ್ಗೆ ಆರಕ್ಕೇ ಕ್ಯಾಪ್ಟನ್ ಕುಕ್ ಲುಕ್‌ಔಟ್ ಹತ್ರದಿಂದ ಹೊರಟ್ವಿ. 1770ರಲ್ಲಿ ಬ್ರಿಟಿಷ್ ನಾವಿಕ ಕುಕ್ ಈ ಭೂಶಿರಕ್ಕೆ ಬೈರನ್ ಅಂತ ಹೆಸರಿಟ್ಟಿದ್ದು, ಆದ್ರೆ ಇಲ್ಲಿನ ಮೂಲನಿವಾಸಿ ಅರಕ್ವಾಲ್ ಜನ ಈ ಜಾಗಕ್ಕೆ ಮೊದಲಿಂದ ಕರೀತಿದ್ದ ಹೆಸರು ಕವ್ವನ್‌ಬಾ, ಅಂದ್ರೆ ಜನ ಸೇರೋ ಜಾಗ. ನನಗೆ ಆ ಹೆಸರೇ ಇಷ್ಟ.

ದಾರಿಯಲ್ಲಿ ದಿ ಪಾಸ್ ಅನ್ನೋ ಕಡೆ ಒಂದು ಬಂಡೆ ಇದೆ, ಮೇಲೆ ಹತ್ತೋಕೆ ಮೆಟ್ಟಿಲಿದೆ, ಫಿಶರ್‌ಮನ್ಸ್ ಲುಕ್‌ಔಟ್ ಅಂತಾರೆ. ಅಲ್ಲಿ ಅರ್ಧ ಗಂಟೆ ಸುಮ್ನೆ ನಿಂತಿದ್ವಿ. ಅಲೆಗಳು ಬಂಡೆ ಸುತ್ತಿಕೊಂಡು ಬಂದು ಒಂದೇ ಕಡೆಯಿಂದ ಸಾಲಾಗಿ ಒಡೀತಾ ಹೋಗ್ತವೆ, ಉದ್ದ ಸರ್ಫಿಂಗ್ ಬೋರ್ಡಿನವರು ಅದರ ಮೇಲೆ ದಡದ ಉದ್ದಕ್ಕೂ ಜಾರ್ಕೊಂಡು ಬರ್ತಾರೆ. ನಾನು ಹೊನ್ನಾವರದ ಕಡೆಯವನು, ಸಮುದ್ರಕ್ಕೆ ಇಳಿಯೋ ಮುಂಚೆ ಸ್ವಲ್ಪ ಹೊತ್ತು ನಿಂತು ನೋಡು ಅಂತ ಮನೆಯಲ್ಲಿ ಹೇಳಿ ಹೇಳಿ ಬೆಳೆಸಿದಾರೆ, ಆ ಮಾತಿನ ಅರ್ಥ ಇಲ್ಲಿ ಮೇಲಿಂದ ನೋಡಿದಾಗ ಪೂರ್ತಿ ಗೊತ್ತಾಯ್ತು. ಬಿಳಿ ನೊರೆ ಇರೋ ಎರಡು ಜಾಗದ ಮಧ್ಯೆ ಅಲೆಯೇ ಒಡೆಯದ ಕಪ್ಪು ಪಟ್ಟಿ ಕಾಣುತ್ತೆ, ದಡದಲ್ಲಿ ನಿಂತವರಿಗೆ ಅಲ್ಲೇ ನೀರು ಶಾಂತವಾಗಿದೆ ಅನ್ಸುತ್ತೆ, ಆದ್ರೆ ಸೆಳೆತ ಇರೋದು ಅಲ್ಲೇ. ಮಗಳಿಗೆ ಬೆರಳು ತೋರ್ಸಿ ಮೂರು ಸಲ ಕೇಳ್ದೆ, ಮೂರನೇ ಸಲ ಅವಳೇ ಇನ್ನೊಂದು ಪಟ್ಟಿ ಹುಡುಕಿ ತೋರಿಸಿದ್ಲು.

ವಾಟೆಗೋಸ್ ಬೀಚ್‌ನಲ್ಲಿ ಚಿತ್ರಾನ್ನದ ಡಬ್ಬಿ ಖಾಲಿ ಮಾಡಿದ್ವಿ. ಅಲ್ಲಿಂದ ಮುಂದೆ ಲೈಟ್‌ಹೌಸ್ ತನಕ ಏರು, ಮೆಟ್ಟಿಲು ಜಾಸ್ತಿ, ಮಂಡಿ ನೋವಿರೋರು ನಿಧಾನಕ್ಕೆ ಹತ್ತಿ. ಆಸ್ಟ್ರೇಲಿಯಾ ಮುಖ್ಯ ಭೂಭಾಗದ ಪೂರ್ವದ ಕಟ್ಟಕಡೆಯ ತುದಿ ಇರೋದು ಇಲ್ಲೇ, ಬೋರ್ಡ್ ಹಾಕಿದಾರೆ. ನಾವು ಅಲ್ಲಿ ನಿಂತಿದ್ದಾಗಲೇ ನೀರಿಂದ ಆವಿ ಬುಗ್ಗೆ ಥರ ಎದ್ದಿದ್ದು ಕಾಣ್ತು. ತಾಯಿ ತಿಮಿಂಗಿಲ, ಪಕ್ಕದಲ್ಲಿ ಮರಿ. ಸೆಪ್ಟೆಂಬರ್, ಅಕ್ಟೋಬರಲ್ಲಿ ಹಂಪ್‌ಬ್ಯಾಕ್‌ಗಳು ಮರಿ ಕರ್ಕೊಂಡು ದಕ್ಷಿಣಕ್ಕೆ ವಾಪಸ್ ಹೋಗೋ ಕಾಲ. ಅವು ಮುಳುಗಿದ ಮೇಲೂ ಆ ಜಾಗದ ನೀರು ಎಣ್ಣೆ ಹಾಕಿದ ಹಾಗೆ ನುಣ್ಣಗೆ ಹೊಳೀತಾ ಸುಮಾರು ಹೊತ್ತು ಹಾಗೇ ಇತ್ತು. ಇದೇ ಊರಲ್ಲಿ 1954ರಿಂದ 1962ರ ತನಕ ತಿಮಿಂಗಿಲ ಬೇಟೆಯ ಕೇಂದ್ರ ನಡೀತಿತ್ತು ಅನ್ನೋದು ನೆನಪಾಗಿ ಮನಸ್ಸು ಭಾರ ಆಯ್ತು, ಹಾಗೇ ಇವು ಉಳ್ಕೊಂಡ್ವಲ್ಲ ಅಂತ ಖುಷೀನೂ ಆಯ್ತು. 1901ರ ಬಿಳಿ ಲೈಟ್‌ಹೌಸ್ ನೋಡ್ಕೊಂಡು ಕಾಡಿನ ದಾರೀಲಿ ಕೆಳಗೆ ಇಳಿದ್ವಿ.

ಮಾರನೇ ದಿನ ಕ್ಲಾಸ್ ಕ್ಲಾರ್ಕ್ಸ್ ಬೀಚ್‌ನಲ್ಲಿ. ಮೊದಲು ಮರಳಲ್ಲೇ ಬೋರ್ಡ್ ಇಟ್ಟು ಅಭ್ಯಾಸ: ಹೊಟ್ಟೆ ಮೇಲೆ ಮಲಗೋದು, ಅಂಗೈ ಪಕ್ಕೆಲುಬಿನ ಹತ್ರ ಊರೋದು, ಒಂದೇ ಸಲಕ್ಕೆ ಎದ್ದು ಒಂದು ಕಾಲು ಮುಂದೆ ಇಡೋದು. ನೀರಲ್ಲಿ ಬೋರ್ಡನ್ನ ನಿಮಗೂ ಅಲೆಗೂ ಮಧ್ಯೆ ಯಾವತ್ತೂ ಅಡ್ಡ ಹಿಡೀಬೇಡಿ, ಅಲೆ ಬಂದ್ರೆ ಅದು ನೇರ ಮುಖಕ್ಕೇ ಬಡಿಯುತ್ತೆ, ಪಕ್ಕಕ್ಕೆ ಹಿಡ್ಕೊಳ್ಳಿ. ಬಿದ್ರೆ ತಲೆಗೆ ಕೈ ಅಡ್ಡ ಇಟ್ಕೊಂಡೇ ಮೇಲೆ ಬನ್ನಿ. ಒಂದು ಗಂಟೆ ಬಿದ್ದೂ ಎದ್ದೂ ಆದ್ಮೇಲೆ ಟೀಚರಮ್ಮ ಹೇಳಿದ್ದು ಒಂದೇ ಮಾತು, ಕಾಲು ನೋಡ್ಬೇಡ, ದಡ ನೋಡು ಅಂತ. ಮುಂದಿನ ನೊರೆ ಅಲೆಗೆ ನೋಟ ಎತ್ತಿದೆ, ನಿಂತೆ, ಬೋರ್ಡಿನ ಕೆಳಗೆ ನೀರು ಗುಡುಗುಡು ಅಂತ ನಡುಗೋದು ಅಂಗಾಲಿಗೆ ಗೊತ್ತಾಗ್ತಿತ್ತು, ಐದಾರು ಸೆಕೆಂಡ್ ಇರ್ಬೇಕು, ಇವತ್ತಿಗೂ ಕಾಲಲ್ಲಿ ಇದೆ ಆ ನಡುಕ.

ಬರೀ ಈಜೋಕೆ ಹೋಗೋದಾದ್ರೆ ಕೆಂಪು ಹಳದಿ ಬಾವುಟಗಳ ಮಧ್ಯೆಯೇ ಇಳೀರಿ, ಲೈಫ್‌ಗಾರ್ಡ್ ಕಣ್ಣಿಟ್ಟಿರೋದು ಅಲ್ಲೇ. ಇನ್ನೊಂದು, ಅಕ್ಟೋಬರ್ ಮೊದಲ ಭಾನುವಾರದಿಂದ ಏಪ್ರಿಲ್ ಮೊದಲ ಭಾನುವಾರದ ತನಕ ಬೈರನ್ ಬೇ ಇರೋ ನ್ಯೂ ಸೌತ್ ವೇಲ್ಸ್ ರಾಜ್ಯದ ಗಡಿಯಾರ ನಮ್ಮ ಕ್ವೀನ್ಸ್‌ಲ್ಯಾಂಡ್‌ಗಿಂತ ಒಂದು ಗಂಟೆ ಮುಂದಿರುತ್ತೆ, ಕ್ಲಾಸ್ ಬುಕ್ ಮಾಡೋರು ಗಮನಿಸಿ. ಭೂಶಿರದ ಆ ಕಡೆಯ ಟ್ಯಾಲೋ ಬೀಚ್ ಮೇಲಿಂದ ನೋಡಿದ್ದಷ್ಟೇ, ಬ್ರೋಕನ್ ಹೆಡ್ ತನಕ ಉದ್ದಕ್ಕೆ ಮರಳು, ಇಳಿತದ ಹೊತ್ತು ನೋಡ್ಕೊಂಡು ಅದನ್ನ ನಡೆಯೋಕೆ ಮಗಳು ಈಗಾಗಲೇ ಮುಂದಿನ ರಜೆ ಗುರುತು ಹಾಕಿಟ್ಟಿದಾಳೆ.