ಸೊನ್ನೆ ನುಂಗಿದ ಥೀಸಿಸ್

"ಮೇಡಂ, ಹಂತಿ ಪದಗಳ ಮೇಲೆ ನಿಮ್ಮಲ್ಲಿ ಒಂದೂ ಥೀಸಿಸ್ ಇಲ್ವಂತೆ" ಎಂದು ಆ ಹುಡುಗಿ ಬಂದು ಹೇಳಿದಳು. ಯಾರಮ್ಮ ಹಾಗಂದಿದ್ದು ಅಂದೆ. "ನಿಮ್ಮ ಕಂಪ್ಯೂಟರೇ" ಅಂದಳು.

ಇಲ್ಲದೆ ಏನು? ಅದನ್ನು ಸ್ಕ್ಯಾನ್ ಮಾಡಿದವಳೇ ನಾನು. ಕಣದ ನಡುವೆ ಮೇಟಿ ಕಂಬ, ಅದರ ಸುತ್ತ ಸಾಲಾಗಿ ತಿರುಗುವ ಎತ್ತುಗಳು, ರಾಶಿ ಮಾಡುವ ರಾತ್ರಿ ಹಾಡುವ ಹಾಡೇ ಹಂತಿ ಪದ. ಕೆಲಸ ನಿಲ್ಲಿಸಿ ನಾಲ್ಕು ಪುಟ ಓದಿದ್ದು ನೆನಪಿತ್ತು. (ಸ್ಕ್ಯಾನ್ ಮಾಡುವಾಗ ಓದುತ್ತಾ ಕೂರಬೇಡಿ ಅಂತ ಹೊಸಬರಿಗೆ ಹೇಳುವವಳೂ ನಾನೇ.)

ನಾನು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಡಿಜಿಟಲ್ ಆರ್ಕೈವ್ ನೋಡಿಕೊಳ್ಳುತ್ತೇನೆ. ಹೊಸ ಥೀಸಿಸ್‌ಗಳ ತಲೆನೋವು ಕಡಿಮೆ. ಯುಜಿಸಿ 2009ರ ನಿಯಮ ಬಂದಮೇಲೆ ಪಿಎಚ್‌ಡಿಯವರು ಸಾಫ್ಟ್ ಕಾಪಿ ಕೊಡಲೇಬೇಕು, ಅದು ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಅನ್ನುವ ಥೀಸಿಸ್ ಜಾಲತಾಣಕ್ಕೆ ಹೋಗುತ್ತದೆ. ಕಷ್ಟ ಇರುವುದು ಟೈಪ್‌ರೈಟರ್ ಕಾಲದವುಗಳಲ್ಲಿ. ಒಂದೇ ಏಟಿಗೆ ನಾಲ್ಕೈದು ಹಾಳೆ, ನಡುನಡುವೆ ಕಾರ್ಬನ್. ಮೇಲಿನ ಚೆಂದದ ಪ್ರತಿ ಇನ್ಯಾರಿಗೋ, ಲೈಬ್ರರಿಗೆ ಬಂದದ್ದು ಬಹಳ ಸಲ ಕೆಳಗಿನ ಮಸುಕು ಪ್ರತಿ.

ಮೊದಲು ಈ ಕೆಲಸವನ್ನು ಹೊರಗಿನವರಿಗೆ ಕೊಟ್ಟಿದ್ದೆವು. ಫೈಲ್ ಚಿಕ್ಕದಾಗಲಿ ಅಂತ ಅವರು ಬರೀ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರು. ಆ ವಿಧಾನದಲ್ಲಿ ನಡುವಿನ ಬೂದು ಬಣ್ಣವೇ ಇಲ್ಲ. ಒಂದೋ ಕಪ್ಪು, ಇಲ್ಲವೋ ಬಿಳಿ. ಮಸುಕಾದದ್ದೆಲ್ಲ ಬಿಳಿಯಾಗಿ ಹೋಯಿತು. ಕನ್ನಡಕ್ಕೆ ಇದು ಎಂಥ ಏಟು ಅಂದರೆ, ಮೊದಲು ಮಾಯವಾಗುವುದೇ ಒತ್ತು ಮತ್ತು ದೀರ್ಘ. ಹಳ್ಳಿ ಹಳಿಯಾಗಿತ್ತು, ಮೇಟಿ ಮೆಟಿಯಾಗಿತ್ತು. ಬಿಲ್ಲು ಪಾಸಾದ ಮೇಲೆ ನಮಗೆ ಗೊತ್ತಾದದ್ದು.

ಎಲ್ಲವನ್ನೂ ಮತ್ತೆ ಮಾಡಿದೆವು. ಈಗ ಇಂಚಿಗೆ 400 ಚುಕ್ಕಿ (ಡಿಪಿಐ), ಬೂದು ಬಣ್ಣವೂ ಉಳಿಯುವ ಗ್ರೇಸ್ಕೇಲ್, ಮೂಲಪ್ರತಿ ಟಿಫ್‌ನಲ್ಲಿ. ಎ4 ಪುಟವೊಂದಕ್ಕೆ ಸುಮಾರು 15 ಎಂಬಿ, ಅಂದರೆ 300 ಪುಟದ ಥೀಸಿಸ್ ನಾಲ್ಕೂವರೆ ಜಿಬಿ. ಇಷ್ಟೊಂದು ಜಾಗ ಯಾಕೆ ಅಂತ ಕಂಪ್ಯೂಟರ್ ಸೆಂಟರಿನವರು ಪ್ರತಿ ವರ್ಷ ಕೇಳುತ್ತಾರೆ. ಹಳಿ, ಮೆಟಿ ಪುಟದ ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ, ಸುಮ್ನೆ ಅದನ್ನೇ ಮುಂದಿಡುತ್ತೇನೆ.

ಸರಿ, ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಲೇಖಕರ ಹೆಸರಿನಿಂದ ಹುಡುಕಿದೆ. ಥೀಸಿಸ್ ಬಂತು! ಶೀರ್ಷಿಕೆಯಲ್ಲಿ ಹಂತಿ ಅಂತ ಸ್ಪಷ್ಟವಾಗಿತ್ತು. ಅದೇ ಪದ ಟೈಪ್ ಮಾಡಿ ಹುಡುಕಿದೆ, ಇಲ್ಲ. ಶೀರ್ಷಿಕೆಯಿಂದ ಕಾಪಿ ಮಾಡಿ ಹುಡುಕಿದೆ, ಬಂತು. ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಎರಡನ್ನೂ ಒಂದರ ಕೆಳಗೊಂದು ಇಟ್ಟು ಅಕ್ಷರ ದೊಡ್ಡದು ಮಾಡಿದೆ. ಹಂತಿ. ಹ೦ತಿ. ಕಣ್ಣಿಗೆ ಏನೂ ವ್ಯತ್ಯಾಸ ಕಾಣಲ್ಲ, ಅಲ್ವಾ? ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಸೊನ್ನೆ. ಡೇಟಾ ಎಂಟ್ರಿ ಮಾಡಿದವರು ಅನುಸ್ವಾರದ ಕೀ ಸಿಗದೆ, ದುಂಡಗಿದೆಯಲ್ಲ ಅಂತ ಸೊನ್ನೆ ಒತ್ತಿದ್ದರು. ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡುವ ಯೂನಿಕೋಡ್‌ನಲ್ಲಿ ಅನುಸ್ವಾರದ ನಂಬರ್ 3202, ಸೊನ್ನೆಯದು 3302. ಕಂಪ್ಯೂಟರ್ ಆಕಾರ ನೋಡಲ್ಲ, ನಂಬರ್ ನೋಡುತ್ತದೆ.

ಆಮೇಲೆ ಕನ್ನಡದ ಯಾವ ದಾಖಲೆ ತೆಗೆದರೂ ನನಗೆ ಸೊನ್ನೆಯದೇ ಅನುಮಾನ. ಸ೦ಗೀತ, ಗ್ರ೦ಥ, ಸ೦ಶೋಧನೆ. ಕನ್ನಡ ಶೀರ್ಷಿಕೆಗಳಲ್ಲಿ ಅನುಸ್ವಾರ ಎಷ್ಟು ಜಾಸ್ತಿ ಅಂತ ಅವತ್ತೇ ಗೊತ್ತಾದದ್ದು.

ನಮ್ಮ ಆರ್ಕೈವ್ ನಡೆಯುವುದು ಡಿಸ್ಪೇಸ್ ಅನ್ನುವ ಸಾಫ್ಟ್‌ವೇರಿನಲ್ಲಿ. ಅದರಿಂದ ಎಲ್ಲ ದಾಖಲೆಗಳ ವಿವರವನ್ನು ಸಾಲು-ಕಾಲಮ್ಮಿನ ಒಂದೇ ಸಿಎಸ್‌ವಿ ಫೈಲಾಗಿ ಇಳಿಸಿಕೊಂಡು, ತಿದ್ದಿ, ವಾಪಸ್ ಏರಿಸಬಹುದು. ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕನ್ನಡ ಕೆಡುವ ಅಪಾಯವಿದೆ. ಲಿಬ್ರೆಆಫೀಸ್‌ನಲ್ಲಿ ತೆರೆದು, ಯುಟಿಎಫ್-8 ಅಂತ ಆರಿಸಿಕೊಂಡೆ. ಇಷ್ಟೇ ತಾನೇ ಅಂದುಕೊಂಡು ಎಲ್ಲ ಸೊನ್ನೆಗೂ ಅನುಸ್ವಾರ ಹಾಕಿಬಿಟ್ಟೆ.

ಮರುದಿನ ವರ್ಷಗಳ ಪಟ್ಟಿ ಎಕ್ಕುಟ್ಟಿಹೋಗಿತ್ತು. ಕನ್ನಡ ಅಂಕಿಯಲ್ಲಿ ೧೯೮೦ ಅಂತ ಇದ್ದ ಕಡೆಯೆಲ್ಲ ಕೊನೆಯ ಸೊನ್ನೆ ಅನುಸ್ವಾರವಾಗಿತ್ತು. ನನ್ನ ಕಂಪ್ಯೂಟರಿನಲ್ಲಿ ಅದೂ ಸರಿಯಾಗೇ ಕಾಣುತ್ತಿತ್ತು. ಪಕ್ಕದ ಟೇಬಲ್ಲಿನವರ ಕಂಪ್ಯೂಟರಿನಲ್ಲಿ ಅನುಸ್ವಾರದ ಹಿಂದೆ ಚುಕ್ಕಿಚುಕ್ಕಿಯ ಉಂಗುರ ಬಂತು. ಅಂಕಿಯ ಮೇಲೆ ಅನುಸ್ವಾರ ಕೂರುವಂತಿಲ್ಲ ಅಂತ ಆ ಕಂಪ್ಯೂಟರು ಹೇಳುವ ರೀತಿ ಅದು. ಹಳೆಯ ಸಿಎಸ್‌ವಿ ಅಳಿಸಿರಲಿಲ್ಲ, ಬಚಾವ್.

ಎರಡನೇ ಸಲ ನಿಯಮ ಬರೆದುಕೊಂಡೆ. ಸೊನ್ನೆಯ ಹಿಂದೆ ಅಕ್ಷರವಿದ್ದರೆ ಮಾತ್ರ ಬದಲಿಸು. ಹಿಂದೆ ಅಥವಾ ಮುಂದೆ ಅಂಕಿ ಇದ್ದರೆ ಕೈ ಹಚ್ಚಬೇಡ, ಅದು ವರ್ಷವೋ ಸಂಪುಟದ ಸಂಖ್ಯೆಯೋ ಇರುತ್ತದೆ. ಏರಿಸುವ ಮೊದಲು ಏನೇನು ಬದಲಾಗುತ್ತದೆ ಅಂತ ಡಿಸ್ಪೇಸ್ ಪಟ್ಟಿ ತೋರಿಸುತ್ತದೆ. ಮೊದಲ ಸಲ ಅದನ್ನು ಓದದೇ ಓಕೆ ಒತ್ತಿದ್ದೆ. ಈ ಸಲ ಪ್ರತಿ ಸಾಲಿಗೂ ಬೆರಳಿಟ್ಟು ಓದಿದೆ.

ಸೊನ್ನೆಯನ್ನೂ ಅನುಸ್ವಾರವನ್ನೂ ಒಂದೇ ಅಂತ ಓದುವಂತೆ ಸರ್ಚ್ ಎಂಜಿನ್‌ಗೇ ಹೇಳಿಕೊಟ್ಟರೆ ಆಗಲ್ವಾ ಅಂತ ಕಂಪ್ಯೂಟರ್ ಸೆಂಟರಿನ ಹುಡುಗ ಕೇಳಿದ. ಆಗುತ್ತದೆ, ಅದನ್ನೂ ಮಾಡಿಸಿದೆ. ಹುಡುಕುವವರೂ ಸೊನ್ನೆ ಒತ್ತುತ್ತಾರಲ್ಲ. ಆದರೆ ಅಷ್ಟಕ್ಕೇ ಬಿಟ್ಟರೆ ನಮ್ಮ ಸರ್ಚ್ ಮಾತ್ರ ಸರಿಹೋಗುತ್ತದೆ. ದಾಖಲೆ ನಮ್ಮ ಮನೆಯಿಂದಾಚೆಗೂ ಹೋಗುತ್ತದೆ. ಅಲ್ಲಿ ಯಾರು ಈ ತೇಪೆ ಹಾಕುತ್ತಾರೆ? ಮೂಲದಲ್ಲೇ ಸರಿ ಇರಬೇಕು.

ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಟೈಪಾದ ವಿವರಗಳದ್ದು ಬೇರೆ ಕಥೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಅನ್ನುವ ಪದದ ನಡುವೆ ಪೌಂಡ್ ಚಿಹ್ನೆ ಕೂತಿರುತ್ತದೆ. ನನ್ನ ಪ್ರಕಾರ ಅದೇ ವಾಸಿ. ಕೆಟ್ಟಿದೆ ಅಂತ ಕಣ್ಣಿಗೆ ಕಾಣುತ್ತದೆ, ಯೂನಿಕೋಡ್ ಪರಿವರ್ತಕಕ್ಕೆ ಹಾಕಿದರೆ ಮುಗಿಯಿತು.

ಹುಡುಗಿಗೆ ಥೀಸಿಸ್ ಸಿಕ್ಕಿತು, ಆದರೆ ಲೈಬ್ರರಿಯಲ್ಲೇ ಕೂತು ಓದಬೇಕಿತ್ತು. ಹಕ್ಕು ಲೇಖಕರದ್ದು, ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಒಪ್ಪಿಗೆ ಇಲ್ಲದೆ ಹೊರಗೆ ಬಿಡುವಂತಿಲ್ಲ. ಇಲಾಖೆಯವರ ಹತ್ತಿರ ನಂಬರ್ ತಗೊಂಡು ಲೇಖಕರಿಗೆ ಫೋನ್ ಮಾಡಿದೆ. ರಿಟೈರಾಗಿ ಊರಲ್ಲಿದ್ದರು.

"ಅದನ್ನ ಇನ್ನೂ ಇಟ್ಟೀರೇನ್ರಿ ಮೇಡಂ?" ಅಂದರು.

"ಇಟ್ಟಿದ್ದೀವಿ ಸರ್. ಎಲ್ಲರೂ ಓದೋ ಹಾಗೆ ಹಾಕಲಾ?"

"ಹಾಕ್ರೀ. ಅದಕ್ಕ ಯಾಕ ಕೇಳ್ತೀರಿ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಡಿನ ಕ್ಯಾಸೆಟ್ ಅದಾವ್ರಿ. ಅವು ಬ್ಯಾಡೇನು?" ಅಂದರು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಲು ನಾನೇ ಹೋದೆ. ಅಟ್ಟದ ಮೇಲಿನ ಬಿಸ್ಕತ್ ಡಬ್ಬಿಯಲ್ಲಿ ಮೂರು ಕ್ಯಾಸೆಟ್ ಇದ್ದವು. ಒಂದರ ಟೇಪಿನ ಮೇಲೆ ಬಿಳಿ ಬೂಷ್ಟು. ಹಾಗೇ ಹಾಕಿದರೆ ಬೂಷ್ಟು ಡೆಕ್ಕಿಗೂ ಹತ್ತುತ್ತದೆ, ಅಲ್ಲಿಂದ ಇನ್ನೊಂದು ಕ್ಯಾಸೆಟ್ಟಿಗೆ. ಅದನ್ನು ಬೇರೆ ಕವರಿನಲ್ಲಿ ಹಾಕಿ ಇಟ್ಟಿದ್ದೇನೆ. ಉಳಿದೆರಡನ್ನು 24 ಬಿಟ್, 96 ಕಿಲೋಹರ್ಟ್ಸ್ ವೇವ್ ಫೈಲಾಗಿ ಇಳಿಸಬೇಕು. ನಮ್ಮ ಹಳೇ ಡೆಕ್ಕಿನ ಬೆಲ್ಟ್ ಸಡಿಲವಾಗಿ ಹಾಡು ಎಳೆದೆಳೆದು ಬರುತ್ತಿದೆ. ರಿಪೇರಿಯವನು ಬೆಲ್ಟ್ ಹುಡುಕುತ್ತಿದ್ದಾನೆ. ಹುಡುಗಿ ವಾರಕ್ಕೊಮ್ಮೆ ಬಂದು, "ಸಿಕ್ತಾ ಮೇಡಂ?" ಅಂತ ಕೇಳಿ ಹೋಗುತ್ತಾಳೆ.